ಒಂದೇ ತಾಯಿಯ ಇಬ್ಬರು ಮತ್ತಿಯಾಸರು: ಐಫೆಲ್ ಸೀಮೆಯ ಒಂದು ವಂಶಶೋಧನೆಯ ಪ್ರಕರಣ ಅಧ್ಯಯನ

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ಟ್ರಿಯರ್ ನಗರದ ಉತ್ತರಕ್ಕೆ ಹಬ್ಬಿರುವ ಐಫೆಲ್ ಗುಡ್ಡಸೀಮೆಯ ಒಂದು ಕಥೋಲಿಕ ಹಳ್ಳಿಯಿಂದ 1840ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಹೋದ ರೈತನೊಬ್ಬನ ತಾಯಿ ಯಾರು ಎಂಬುದು ಈ ಪ್ರಕರಣದ ಪ್ರಶ್ನೆ. ಅದನ್ನು ಕೇಳಿದವರು ಆತನ ಸಂತತಿಯ ಒಬ್ಬ ಹಿರಿಯ ಮಹಿಳೆ. ಹಳೆಯ ಲ್ಯಾಟಿನ್ ಮತ್ತು ಜರ್ಮನ್ ಕೈಬರಹದ ದಾಖಲೆಗಳನ್ನು ಓದಿಕೊಡುವ ಕೆಲಸ ನನ್ನದಾದ್ದರಿಂದ ಕಡತ ನನ್ನ ಕೈಗೆ ಬಂತು. ಕುಟುಂಬದ ಅನುಮತಿ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು ಮತ್ತು ನಿರ್ದಿಷ್ಟ ತಾರೀಖುಗಳನ್ನು ಬಿಟ್ಟಿದ್ದೇನೆ. ದೀಕ್ಷಾಸ್ನಾನದ ಹೆಸರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ; ಆ ಸೀಮೆಯ ಮನೆಮನೆಯಲ್ಲೂ ಇದ್ದ ಹೆಸರುಗಳಾದ್ದರಿಂದ ಅವು ಯಾರ ಗುರುತನ್ನೂ ಬಿಟ್ಟುಕೊಡುವುದಿಲ್ಲ. ಪ್ರಕರಣದ ಗೋಜಲು ಹುಟ್ಟಿದ್ದೂ ಅವು ಅಷ್ಟು ಸಾಮಾನ್ಯವಾಗಿದ್ದುದರಿಂದಲೇ.

ಹಿನ್ನೆಲೆ

ಕಥೋಲಿಕ ಯೂರೋಪಿನ ಹಳ್ಳಿಗಳಲ್ಲಿ ಮಗುವಿನ ಹೆಸರು ತಂದೆತಾಯಿಯ ಇಷ್ಟಕ್ಕೆ ಮಾತ್ರ ಬಿಟ್ಟ ವಿಷಯವಾಗಿರಲಿಲ್ಲ. ಕಥೋಲಿಕ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆಯ ಬಳಿಕ 1566ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥವು ಮಗುವಿಗೆ ಸಂತರ ಹೆಸರನ್ನೇ ಇಡಬೇಕೆಂದು ಬೋಧಿಸಿತು. ಆ ಸಂತನು ಮಗುವಿಗೆ ಮಾದರಿಯೂ ದೇವರ ಮುಂದೆ ಅದರ ಪರವಾಗಿ ಬೇಡುವವನೂ ಆಗಿರುತ್ತಾನೆ ಎಂಬುದು ಅದರ ನಂಬಿಕೆ. 1614ರ ರೋಮನ್ ವಿಧಿಗ್ರಂಥವು ಇದನ್ನೇ ಪಾದ್ರಿಗಳ ಹೊಣೆಯಾಗಿಸಿತು. ಹೀಗಾಗಿ ಒಂದು ಧರ್ಮಕೇಂದ್ರದಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯಲ್ಲಿ, ಬಳಕೆಯಲ್ಲಿದ್ದ ಗಂಡು ಹೆಸರುಗಳನ್ನು ಬೆರಳೆಣಿಕೆಯಲ್ಲೇ ಮುಗಿಸಬಹುದಿತ್ತು: ಯೋಹಾನ್, ಪೀಟರ್, ನಿಕೊಲೌಸ್, ಹುಬರ್ಟ್, ಮತ್ತೆ ಟ್ರಿಯರ್ ಸುತ್ತಮುತ್ತ ಎಲ್ಲೆಲ್ಲೂ ಮತ್ತಿಯಾಸ್. ಈತನು ಕನ್ನಡ ಬೈಬಲ್ ಓದುವವರಿಗೆ ಗೊತ್ತಿರುವ ಮತ್ತೀಯ, ಯೂದನ ಸ್ಥಾನಕ್ಕೆ ಚೀಟಿ ಹಾಕಿ ಆರಿಸಿದ ಪ್ರೇಷಿತ. ಅವನ ಸಮಾಧಿ ಟ್ರಿಯರ್‌ನ ಬೆನೆಡಿಕ್ಟೀನ್ ಮಠದಲ್ಲಿದೆ ಎಂಬ ನಂಬಿಕೆಯಿಂದ ಮಧ್ಯಯುಗದಿಂದಲೂ ಅಲ್ಲಿಗೆ ಯಾತ್ರಿಕರು ನಡೆದುಬರುತ್ತಿದ್ದಾರೆ. ಆ ಭಕ್ತಿ ಮಕ್ಕಳ ಹೆಸರಿಗೂ ಇಳಿದುಬಂದದ್ದು ಸಹಜ.

ಇದ್ದ ಕೆಲವೇ ಹೆಸರುಗಳಲ್ಲಿ ಯಾವ ಮಗುವಿಗೆ ಯಾವುದು ಎಂಬುದನ್ನು ಅಲ್ಲಿ ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದವರು ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತ ಮತ್ತು ಧರ್ಮಮಾತೆ. ಮಗು ಹುಟ್ಟಿದ ದಿನವೋ ಮರುದಿನವೋ ಅದನ್ನು ಚರ್ಚಿಗೆ ಒಯ್ದು ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಬಾಣಂತಿ ಮನೆಯಲ್ಲೇ ಇರುತ್ತಿದ್ದಳು. ಮಗುವನ್ನು ತೊಟ್ಟಿಯಿಂದ ಎತ್ತಿಕೊಂಡ ಧರ್ಮಪಿತನು ಗಂಡುಮಗುವಿಗೆ ತನ್ನ ಹೆಸರನ್ನೇ ಕೊಡುತ್ತಿದ್ದನು, ಹೆಣ್ಣುಮಗುವಿಗೆ ಧರ್ಮಮಾತೆ ತನ್ನ ಹೆಸರನ್ನು ಕೊಡುತ್ತಿದ್ದಳು. ಅದು ಉಡುಗೊರೆ. ಬೇಡವೆಂದರೆ ನಂಟಸ್ತಿಕೆಗೆ ಅವಮಾನ.

ಈ ಧರ್ಮಪೋಷಕರ ಹೆಸರನ್ನು ಪಾದ್ರಿ ಪುಸ್ತಕದಲ್ಲಿ ಬರೆದಿಡಲು ಬಲವಾದ ಕಾರಣವೊಂದಿತ್ತು. ದೀಕ್ಷಾಸ್ನಾನದಿಂದ ಮಗುವಿಗೂ ಧರ್ಮಪೋಷಕರಿಗೂ, ಹಾಗೆಯೇ ಮಗುವಿನ ತಂದೆತಾಯಿಗೂ ಧರ್ಮಪೋಷಕರಿಗೂ ಆಧ್ಯಾತ್ಮಿಕ ಬಂಧುತ್ವ ಉಂಟಾಗುತ್ತದೆ, ಆ ಬಂಧುತ್ವದೊಳಗೆ ಮದುವೆ ಸಲ್ಲದು ಎಂಬುದು ಧರ್ಮಸಭೆಯ ಆಗಿನ ನಿಯಮವಾಗಿತ್ತು. ಟ್ರೆಂಟ್ ಮಹಾಸಭೆ 1563ರ ನವೆಂಬರಿನಲ್ಲಿ ಮದುವೆಯ ಕಟ್ಟಳೆಗಳನ್ನು ತಿದ್ದಿದಾಗ, ಧರ್ಮಪೋಷಕರು ಒಬ್ಬರು ಅಥವಾ ಹೆಚ್ಚೆಂದರೆ ಒಬ್ಬ ಗಂಡಸು, ಒಬ್ಬ ಹೆಂಗಸು ಮಾತ್ರ ಇರಬೇಕು, ಅವರ ಹೆಸರನ್ನು ಪಾದ್ರಿ ಪುಸ್ತಕಕ್ಕೆ ಏರಿಸಬೇಕು ಎಂದು ವಿಧಿಸಿತು. ಮುಂದೊಂದು ದಿನ ನಡೆಯಬಾರದ ಮದುವೆಯನ್ನು ತಡೆಯಲೆಂದು ಬರೆದ ಆ ಸಾಲು ಇವತ್ತಿನ ವಂಶಶೋಧಕರಿಗೆ ಮಗುವಿನ ಹೆಸರಿಗಿಂತಲೂ ಬೆಲೆಯುಳ್ಳ ಸಾಕ್ಷ್ಯವಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಈ ಪ್ರಕರಣವನ್ನು ಬರೆಯುವುದಕ್ಕೆ ಅದೇ ಕಾರಣ.

ಸಮಸ್ಯೆ

ಕುಟುಂಬದ ಕೈಯಲ್ಲಿದ್ದದ್ದು ಅಂತರ್ಜಾಲದಲ್ಲಿ ಹಲವರು ಸೇರಿ ಕಟ್ಟಿದ ಒಂದು ವಂಶವೃಕ್ಷ. ಅದರ ಪ್ರಕಾರ ವಲಸೆ ಹೋದ ನಿಕೊಲೌಸನ ತಂದೆ ಮತ್ತಿಯಾಸ್, ತಾಯಿ ಮಾರ್ಗರೇಟಾ. ಮತ್ತಿಯಾಸನಿಗೆ ಮಾರ್ಗರೇಟಾ ಮೊದಲ ಹೆಂಡತಿ, ಆಕೆ ತೀರಿಕೊಂಡ ಮೇಲೆ ಕತಾರೀನಾ ಎರಡನೆಯ ಹೆಂಡತಿ. ಮತ್ತಿಯಾಸನ ತಂದೆತಾಯಿಗೆ 1780ರ ದಶಕದ ಆರಂಭದಲ್ಲಿ ಒಬ್ಬ ಮತ್ತಿಯಾಸ್, ದಶಕದ ಕೊನೆಯಲ್ಲಿ ಇನ್ನೊಬ್ಬ ಮತ್ತಿಯಾಸ್ ಹುಟ್ಟಿದ್ದು ದೀಕ್ಷಾಸ್ನಾನದ ಪುಸ್ತಕದಲ್ಲಿದೆ. ವೃಕ್ಷ ಕಟ್ಟಿದವರು ಮೊದಲನೆಯವನ ಮುಂದೆ ‘ಶೈಶವದಲ್ಲೇ ಮರಣ’ ಎಂದು ಬರೆದು, ಎರಡನೆಯವನಿಂದ ವಂಶವನ್ನು ಮುಂದುವರಿಸಿದ್ದರು.

ಹಾಗೆ ಬರೆಯಲು ಅವರಿಗೆ ಆಧಾರವಿರಲಿಲ್ಲ ಎನ್ನಲಾಗದು. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಯೂರೋಪಿನಲ್ಲಿ ಬಹು ಸಾಮಾನ್ಯವಾಗಿತ್ತು. ಅದರಿಂದಲೇ ಒಂದೇ ಹೆಸರು ಮತ್ತೆ ಬಂದರೆ ಮೊದಲಿನದು ತೀರಿಕೊಂಡಿದೆ ಎಂದು ತಿಳಿಯುವುದು ವಂಶಶೋಧಕರ ನಡುವೆ ಸೂತ್ರದಂತೆ ಬಾಯಿಂದ ಬಾಯಿಗೆ ಸಾಗಿಬಂದಿದೆ. ಆದರೆ ಈ ವೃಕ್ಷದಲ್ಲಿ ಆ ಸೂತ್ರ ಹೊಂದಿಕೊಳ್ಳದ ಗುರುತುಗಳು ಕಣ್ಣಿಗೆ ಬೀಳುವಂತಿದ್ದವು. ಮಾರ್ಗರೇಟಾಳ ಕೊನೆಯ ಮಕ್ಕಳು ಹುಟ್ಟಿದ್ದು ಕತಾರೀನಾಳ ಮದುವೆ ಆದ ನಂತರ. ಆ ಮಕ್ಕಳನ್ನು ‘ಸೂಚಿಯ ದೋಷ’, ಅಂದರೆ ದಾಖಲೆಗಳಿಂದ ತಯಾರಿಸಿದ ಹೆಸರುಪಟ್ಟಿಯ ತಪ್ಪು, ಎಂದು ಕೈಬಿಡಲಾಗಿತ್ತು. ಎರಡು ವರ್ಷದ ಅಂತರದಲ್ಲಿ ಇಬ್ಬರು ನಿಕೊಲೌಸರ ಜನನ ಸಿಕ್ಕಿದ್ದನ್ನೂ ಒಂದೇ ಮಗುವಿನ ಎರಡು ನಮೂದುಗಳೆಂದು ಕೂಡಿಸಿ, ಮೊದಲನೆಯ ತಾರೀಖನ್ನೂ ಅದರ ತಾಯಿಯನ್ನೂ ಉಳಿಸಿಕೊಂಡಿದ್ದರು. ನಿಯಮಕ್ಕೆ ಒಗ್ಗದ ಮಕ್ಕಳನ್ನು ಹೀಗೆ ದಾಖಲೆಯಿಂದ ಅಳಿಸಿಹಾಕುವುದು ನನಗೆ ನೋವು ತರುವ ಸಂಗತಿ. ಬದುಕಿ ಬಾಳಿದ ಜನರು ಅವರು.

ಮದುವೆಯ ವಯಸ್ಸೂ ಸರಿಹೊಂದುತ್ತಿರಲಿಲ್ಲ. ರೈನ್ ನದಿಯ ಎಡದಂಡೆ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದು, ಟ್ರಿಯರ್ ಸಾರ್ ಎಂಬ ಜಿಲ್ಲೆಯ ಕೇಂದ್ರವಾಗಿತ್ತು. 1798ರಿಂದ ಅಲ್ಲಿ ಜನನ, ಮದುವೆ, ಮರಣಗಳನ್ನು ಸರ್ಕಾರಿ ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಮಾರ್ಗರೇಟಾಳ ಮದುವೆ ನಡೆದದ್ದು ಫ್ರೆಂಚ್ ಕ್ರಾಂತಿ ಪಂಚಾಂಗದ 13ನೇ ವರ್ಷದಲ್ಲಿ, ಅಂದರೆ 1804ರ ಸೆಪ್ಟೆಂಬರಿನಿಂದ 1805ರ ಸೆಪ್ಟೆಂಬರಿನೊಳಗೆ. 1804ರ ಮಾರ್ಚಿನಲ್ಲಿ ಜಾರಿಗೆ ಬಂದ ಫ್ರೆಂಚ್ ನಾಗರಿಕ ಸಂಹಿತೆ ಹದಿನೆಂಟು ತುಂಬದ ಗಂಡಿಗೆ ಮದುವೆಯನ್ನು ನಿಷೇಧಿಸಿತ್ತು. ವೃಕ್ಷದಲ್ಲಿದ್ದ ಮತ್ತಿಯಾಸನಿಗೆ ಆಗ ಹದಿನೇಳೂ ಸರಿಯಾಗಿ ತುಂಬಿರಲಿಲ್ಲ.

ಏನೇನು ಪ್ರಯತ್ನ ನಡೆಯಿತು

ಕುಟುಂಬದವರು ಮೊದಲು ನೆಚ್ಚಿದ್ದು ಹೆಸರಿನ ಹುಡುಕಾಟವನ್ನು. ಅದು ಬೇಗನೆ ದಾರಿ ತಪ್ಪಿಸಿತು. ಲ್ಯಾಟಿನ್ ನಮೂದಿನಲ್ಲಿ ‘ಇಂಥವರ ಮಗ’ ಎಂದು ಬರೆಯುವಾಗ ತಂದೆಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಬರುತ್ತದೆ. ಸೂಚಿ ತಯಾರಿಸಿದವರು ಅದನ್ನು ಇದ್ದಂತೆಯೇ ಎತ್ತಿಕೊಂಡಿದ್ದರಿಂದ ಮತ್ತಿಯಾಸ್ ಒಂದು ಕಡೆ, ಮತ್ತಿಯೆ ಇನ್ನೊಂದು ಕಡೆ ಸೇರಿಹೋಗಿದ್ದವು. ಫ್ರೆಂಚ್ ಕಾಲದ ಗುಮಾಸ್ತನೊಬ್ಬ ಮತ್ತಿಯಾಸನನ್ನು ಮತ್ಯೂ ಎಂದು, ಅಂದರೆ ಮತ್ತಾಯನೆಂದು ಬರೆದಿದ್ದ. ಮನೆಯಲ್ಲಿ ಕರೆಯುತ್ತಿದ್ದ ಥೈಸ್, ಮಥೆಸ್ ಎಂಬ ಮೊಟಕು ಹೆಸರುಗಳು ಬೇರೆ. ಒಬ್ಬನೇ ಮನುಷ್ಯ ಹಲವರಾಗಿ ಕಾಣುತ್ತಿದ್ದ, ಇಬ್ಬರು ಮನುಷ್ಯರು ಒಬ್ಬನಾಗಿ ಕಾಣುತ್ತಿದ್ದರು.

ಮುಂದೆ ಅವರು ಮೊರೆಹೋದದ್ದು ಇನ್ನೊಂದು ಪ್ರಚಲಿತ ಸೂತ್ರಕ್ಕೆ: ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಕಡೆಯ ರೂಢಿಯನ್ನು ಬಲ್ಲವರಿಗೆ ಇದು ತಟ್ಟನೆ ಒಪ್ಪಿಗೆಯಾಗುವಂಥದು. ಯೂರೋಪಿನ ಅನೇಕ ಕಡೆ ಇದು ನಿಜವೂ ಹೌದು. ಆದರೆ ಈ ಧರ್ಮಕೇಂದ್ರದ ಪುಸ್ತಕದಲ್ಲಿ ಅದು ನಡೆಯುತ್ತಿದೆಯೇ ಎಂದು ಪರೀಕ್ಷಿಸದೆ ಅನ್ವಯಿಸಿದ್ದರಿಂದ, ಇಲ್ಲದ ಅಜ್ಜನೊಬ್ಬ ವೃಕ್ಷದಲ್ಲಿ ಹುಟ್ಟಿಕೊಂಡಿದ್ದ.

ಈ ಹಂತದಲ್ಲಿ ನಾವು ಒಂದು ತೀರ್ಮಾನಕ್ಕೆ ಬಂದೆವು. ಈ ಕುಟುಂಬವನ್ನು ಸದ್ಯ ಬದಿಗಿಟ್ಟು, ಪುಸ್ತಕದ ನಡತೆಯನ್ನು ಮೊದಲು ತಿಳಿಯಬೇಕು. ಆ ದಶಕದಲ್ಲಿ ಅಲ್ಲಿ ದೀಕ್ಷಾಸ್ನಾನವಾದ ಎಲ್ಲ ಮಕ್ಕಳ ಹೆಸರನ್ನೂ ಅವರ ಧರ್ಮಪೋಷಕರ ಹೆಸರಿನ ಪಕ್ಕ ಇಟ್ಟು ತಾಳೆ ನೋಡಿದಾಗ ಉತ್ತರ ಸ್ಪಷ್ಟವಾಯಿತು: ಮಗುವಿನ ಹೆಸರು ಬಹುತೇಕ ಪ್ರತಿ ನಮೂದಿನಲ್ಲೂ ಅದೇ ಲಿಂಗದ ಧರ್ಮಪೋಷಕರ ಹೆಸರೇ ಆಗಿತ್ತು. ನಮ್ಮ ಮೊದಲ ಮತ್ತಿಯಾಸನ ಧರ್ಮಪಿತ ತಾಯಿಯ ಅಣ್ಣ ಮತ್ತಿಯಾಸ್. ಎರಡನೆಯ ಮತ್ತಿಯಾಸನ ಧರ್ಮಪಿತ ತಂದೆಯ ತಮ್ಮ, ಅವನೂ ಮತ್ತಿಯಾಸ್. ಒಂದು ಮನೆಗೆ ಇಬ್ಬರು ಮಾವ–ಚಿಕ್ಕಪ್ಪಂದಿರು ತಮ್ಮ ತಮ್ಮ ಹೆಸರನ್ನು ಕೊಟ್ಟಿದ್ದರು, ಅಷ್ಟೆ. ಹಿರಿಯ ಮಗು ಸತ್ತಿರಲೇಬೇಕೆಂಬ ಒತ್ತಾಯ ಆ ಹೆಸರಿನಲ್ಲಿ ಇರಲಿಲ್ಲ.

ಸತ್ತಿರಬೇಕಿಲ್ಲ ಎನ್ನುವುದು ಬದುಕಿದ್ದ ಎಂಬುದಕ್ಕೆ ಪುರಾವೆಯಾಗದು. ಆದ್ದರಿಂದ ಮರಣದ ಪುಸ್ತಕವನ್ನು ನೋಡಬೇಕಾಯಿತು. ಅದರಲ್ಲಿ ಹಿರಿಯ ಮತ್ತಿಯಾಸನ ಸಮಾಧಿಯ ನಮೂದು ಇರಲಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಕೆಲವು ಪಾದ್ರಿಗಳು ಎಳೆಯ ಮಕ್ಕಳ ಸಾವನ್ನು ಬರೆಯುತ್ತಲೇ ಇರಲಿಲ್ಲ, ಇನ್ನು ಕೆಲವರು ಹೆಸರು ಹಾಕದೆ ಇಂಥವನ ಕೂಸು ಎಂದಷ್ಟೇ ಬರೆದು ಮುಗಿಸುತ್ತಿದ್ದರು. ಅಂಥ ಪುಸ್ತಕದಲ್ಲಿ ನಮೂದು ಇಲ್ಲದಿರುವುದರಿಂದ ಏನೂ ತಿಳಿಯುವುದಿಲ್ಲ. ಈ ಪಾದ್ರಿಯಾದರೋ ಸೂಲಗಿತ್ತಿಯಿಂದ ತುರ್ತು ದೀಕ್ಷಾಸ್ನಾನ ಪಡೆದು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡ ಮಕ್ಕಳನ್ನೂ ಹೆಸರು ಹಿಡಿದು ಬರೆದಿದ್ದ. ಇದೇ ದಂಪತಿಯ ಒಬ್ಬ ಹೆಣ್ಣುಮಗುವಿನ ಸಾವೂ ಅಲ್ಲಿತ್ತು. ಅಷ್ಟು ನಿಷ್ಠೆಯಿಂದ ಬರೆದವನ ಪುಸ್ತಕದಲ್ಲಿ ಒಂದು ನಮೂದು ಇಲ್ಲವೆಂದರೆ ಅದಕ್ಕೆ ತೂಕವಿದೆ.

ತಿರುವು

ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದು ಕತಾರೀನಾಳ ಮದುವೆಯ ಸರ್ಕಾರಿ ದಾಖಲೆಯಲ್ಲಿ. 1815ರಲ್ಲಿ ಆ ಸೀಮೆ ಪ್ರಷ್ಯಾದ ಕೈಸೇರಿದರೂ ಎಡದಂಡೆಯಲ್ಲಿ ಫ್ರೆಂಚ್ ಸಂಹಿತೆಯೇ ಮುಂದುವರಿಯಿತು. ಫ್ರೆಂಚ್ ಭಾಷೆಯ ಜಾಗಕ್ಕೆ ಜರ್ಮನ್ ಬಂತು, ಪದ್ಧತಿ ಹಾಗೆಯೇ ಉಳಿಯಿತು. ಆ ಪದ್ಧತಿಯಂತೆ ಪ್ರತಿ ಮದುವೆಗೂ ನಾಲ್ವರು ಗಂಡಸು ಸಾಕ್ಷಿಗಳು ಬೇಕಿತ್ತು, ಅವರ ವಯಸ್ಸು, ಕಸುಬು ಮತ್ತು ವಧೂವರರಿಗೆ ಆಗಬೇಕಾದ ನಂಟನ್ನು ಬರೆಯಬೇಕಿತ್ತು. ವಂಶವೃಕ್ಷ ಕಟ್ಟಿದವರು ಈ ದಾಖಲೆಯನ್ನು ಸೂಚಿಯ ಮೂಲಕ ಮಾತ್ರ ನೋಡಿದ್ದರು. ಸೂಚಿಯಲ್ಲಿ ಇರುವುದು ವಧೂವರರ ಹೆಸರು, ಸಾಕ್ಷಿಗಳದ್ದಲ್ಲ.

ಪೂರ್ತಿ ಪುಟವನ್ನು ತರಿಸಿ ಓದಿದಾಗ, ವರ ಮತ್ತಿಯಾಸ್, ಅವಿವಾಹಿತ. ‘ವಿಧುರ’ ಎಂಬ ಮಾತು ಎಲ್ಲಿಯೂ ಇಲ್ಲ. ಎರಡನೆಯ ಸಾಕ್ಷಿ ಅದೇ ಮನೆತನದ ಹೆಸರಿನ ಮತ್ತಿಯಾಸ್, ರೈತ, ವರನಿಗಿಂತ ಏಳು ವರ್ಷ ದೊಡ್ಡವನು, ನಂಟು ‘ವರನ ಅಣ್ಣ’. ಪುಟದ ಕೆಳಗೆ ವರನು ಜರ್ಮನ್ ಲಿಪಿಯಲ್ಲಿ, ಶಾಲೆ ಕಲಿತವನ ನಿಧಾನದ ಅಕ್ಷರಗಳಲ್ಲಿ, ತನ್ನ ಪೂರ್ತಿ ಹೆಸರು ಬರೆದಿದ್ದಾನೆ. ಅಣ್ಣನ ಜಾಗದಲ್ಲಿ ಒಂದು ಶಿಲುಬೆ ಗುರುತು, ಅದರ ಪಕ್ಕ ಗುಮಾಸ್ತನ ಕೈಯಲ್ಲಿ ‘ಬರೆಯಲು ಬಾರದೆಂದು ತಿಳಿಸಿದನು’ ಎಂಬ ಒಕ್ಕಣೆ. 13ನೇ ವರ್ಷದ ಮಾರ್ಗರೇಟಾಳ ಮದುವೆಯ ಫ್ರೆಂಚ್ ದಾಖಲೆಯಲ್ಲೂ ವರನ ಜಾಗದಲ್ಲಿ ಇದ್ದದ್ದು ಶಿಲುಬೆ ಗುರುತೇ. ಶೈಶವದಲ್ಲೇ ಸತ್ತನೆಂದು ಬರೆಯಲಾಗಿದ್ದ ಹುಡುಗ ಬೆಳೆದು, ಮದುವೆಯಾಗಿ, ತಮ್ಮನ ಮದುವೆಗೆ ಸಾಕ್ಷಿಯಾಗಿ ಬಂದು ನಿಂತಿದ್ದ.

ಇನ್ನೂ ಅನುಮಾನಕ್ಕೆ ಎಡೆಯಿರಬಾರದೆಂದು ಎರಡೂ ಮದುವೆಗಳ ಲಗತ್ತು ಕಾಗದಗಳನ್ನು ತರಿಸಿಕೊಂಡೆವು. ಸಂಹಿತೆಯ ಪ್ರಕಾರ ವಧೂವರರು ತಮ್ಮ ಜನನದ ನಕಲನ್ನು ಹಾಜರುಪಡಿಸಬೇಕಿತ್ತು. ಅದಕ್ಕಾಗಿ ಹಳೆಯ ಚರ್ಚ್ ಪುಸ್ತಕದಿಂದ ತೆಗೆದ ದೃಢೀಕೃತ ಸಾರಾಂಶ ಮದುವೆಯ ಕಡತಕ್ಕೆ ಸೇರುತ್ತಿತ್ತು. ಮಾರ್ಗರೇಟಾಳ ವರನ ನಕಲಿನಲ್ಲಿ ಧರ್ಮಪಿತ ಸೋದರಮಾವ. ಕತಾರೀನಾಳ ವರನ ನಕಲಿನಲ್ಲಿ ಚಿಕ್ಕಪ್ಪ. ಇಬ್ಬರು ಮತ್ತಿಯಾಸರು, ಎರಡು ಸಂಸಾರ, ಕೈಬಿಟ್ಟಿದ್ದ ಮಕ್ಕಳಿಗೆಲ್ಲ ಅವರವರ ತಾಯಿ.

ಯಾವ ನಿಕೊಲೌಸ್?

ಈಗ ಮೂಲ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಯಿತು. ಎರಡೂ ಮನೆಯಲ್ಲಿ ಒಬ್ಬೊಬ್ಬ ನಿಕೊಲೌಸ್ ಇದ್ದಾನೆ. ಇಬ್ಬರ ತಂದೆಯೂ ಮತ್ತಿಯಾಸ್. ವಯಸ್ಸಿನಲ್ಲಿ ಎರಡೇ ವರ್ಷದ ಅಂತರ. ಇಬ್ಬರಿಗೂ ಆ ಹೆಸರು ಬಂದದ್ದು ಒಬ್ಬನೇ ಧರ್ಮಪಿತನಿಂದ, ಮತ್ತಿಯಾಸರ ಮದುವೆಯಾಗದ ಸೋದರ ನಿಕೊಲೌಸನಿಂದ. ಅಮೆರಿಕದ ದಾಖಲೆಗಳು ವಲಸೆಗಾರನ ತಂದೆಯ ಹೆಸರನ್ನು ಮಾತ್ರ ಹೇಳುತ್ತವೆ. ಅಲ್ಲಿನ ಜನಗಣತಿಯಲ್ಲಿ ಆತನ ವಯಸ್ಸು ಒಂದೊಂದು ಸಲ ಒಂದೊಂದು ರೀತಿ ಇದೆ, ಅದನ್ನು ನೆಚ್ಚಿ ಎರಡು ವರ್ಷದ ಅಂತರವನ್ನು ಬಿಡಿಸಲಾಗದು. ಹುಟ್ಟಿದ ದಿನಕ್ಕಿಂತ ಸಂತನ ಹಬ್ಬದ ದಿನವನ್ನು ಆಚರಿಸುತ್ತಿದ್ದ ಕಥೋಲಿಕರಲ್ಲಿ, ನಿಕೊಲೌಸನೆಂದರೆ ಡಿಸೆಂಬರ್ 6 ನೆನಪಿರುತ್ತಿತ್ತು, ಹುಟ್ಟಿದ ವರ್ಷ ಸುಮಾರಾಗಿರುತ್ತಿತ್ತು.

ಇಲ್ಲಿ ಎರಡು ದಾರಿ ಹಿಡಿದೆವು. ಒಂದು, ಊರಲ್ಲೇ ಉಳಿದವನನ್ನು ಹುಡುಕುವುದು. ಮಾರ್ಗರೇಟಾಳ ಮಗ ನಿಕೊಲೌಸನ ಮದುವೆ, ಅವನ ಮಕ್ಕಳು, ಕೊನೆಗೆ 1860ರ ದಶಕದಲ್ಲಿ ಅವನ ಮರಣ, ಎಲ್ಲವೂ ಹುಟ್ಟೂರಿನ ಪುಸ್ತಕಗಳಲ್ಲೇ ಸಿಕ್ಕಿದವು. ಮರಣದ ದಾಖಲೆಯಲ್ಲಿ ತಂದೆತಾಯಿ ಇಬ್ಬರ ಹೆಸರೂ ಇದ್ದುದರಿಂದ ಗೊಂದಲಕ್ಕೆ ಅವಕಾಶವಿರಲಿಲ್ಲ. ಊರಲ್ಲಿ ಸತ್ತವನು ವಿಸ್ಕಾನ್ಸಿನ್‌ನಲ್ಲಿ ಹೊಲ ಉಳುತ್ತಿರಲಾರ. ಇನ್ನೊಂದು, ವಲಸೆಗಾರನ ಮಕ್ಕಳ ಧರ್ಮಪೋಷಕರನ್ನು ನೋಡುವುದು. ವಲಸೆ ಹೋದ ಕಥೋಲಿಕರು ಹೊಸ ಊರಲ್ಲೂ ಚರ್ಚ್ ಕಟ್ಟಿ ಅದೇ ಬಗೆಯ ಪುಸ್ತಕ ಇಟ್ಟರು. ಅಲ್ಲಿ ಆತನ ಮೊದಲ ಮಗಳಿಗೆ ಕತಾರೀನಾ ಎಂಬ ಹೆಸರು, ಧರ್ಮಮಾತೆಯೂ ಕತಾರೀನಾ. ಆಕೆಯ ತವರಿನ ಮನೆತನದ ಹೆಸರು ನಮ್ಮ ಕತಾರೀನಾಳದ್ದೇ, ಮತ್ತು ಆ ಮನೆತನ ಹುಟ್ಟೂರಿನದಲ್ಲ, ಪಕ್ಕದ ಧರ್ಮಕೇಂದ್ರದ್ದು. ಜೊತೆಯಾಗಿ ಹಡಗು ಹತ್ತಿದ ತಾಯಿಯ ಕಡೆಯ ನೆಂಟರು ಅವರು. ಎರಡು ದಾರಿಯೂ ಒಂದೇ ಕಡೆ ಬಂದು ಸೇರಿದ್ದರಿಂದ ವಲಸೆಗಾರನ ತಾಯಿ ಕತಾರೀನಾ ಎಂದು ನಿಸ್ಸಂಶಯವಾಗಿ ಬರೆದುಕೊಟ್ಟೆ.

ಫಲಿತ ಮತ್ತು ಕಲಿಕೆ

ಕುಟುಂಬಕ್ಕೆ ಇದು ಸುಲಭದ ಸುದ್ದಿಯಾಗಿರಲಿಲ್ಲ. ಮಾರ್ಗರೇಟಾಳ ತವರನ್ನು ಅವರು ಬಹಳ ಹಿಂದಕ್ಕೆ, ಹದಿನೇಳನೇ ಶತಮಾನದ ಮೂವತ್ತು ವರ್ಷದ ಯುದ್ಧದ ಕಾಲದವರೆಗೆ ಬೆನ್ನುಹತ್ತಿದ್ದರು. ಮೊಮ್ಮಗಳೊಬ್ಬಳಿಗೆ ಆ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಆ ಇಡೀ ಕೊಂಬೆ ಈಗ ವಲಸೆಗಾರನ ದೊಡ್ಡಪ್ಪನ ಹೆಂಡತಿಯದ್ದು. ಹಿರಿಯ ಮಹಿಳೆ ಕೆಲಕಾಲ ಸುಮ್ಮನಿದ್ದು, ಅನಂತರ ಕೇಳಿದ್ದು ಒಂದೇ ಮಾತು: “ಬಿಟ್ಟುಹೋಗಿದ್ದ ಆ ಮಕ್ಕಳ ಹೆಸರನ್ನು ಮತ್ತೆ ಸೇರಿಸಿದ್ದೀರಾ?” ಸೇರಿಸಿಯಾಗಿತ್ತು.

ಬಹಿರಂಗ ವೃಕ್ಷವನ್ನು ತಿದ್ದುವ ವಿಷಯದಲ್ಲಿ ಚರ್ಚೆ ನಡೆಯಿತು. ಮಾರ್ಗರೇಟಾಳ ನಿಜವಾದ ವಂಶದವರು ಆ ವೃಕ್ಷವನ್ನು ಬಳಸುತ್ತಿದ್ದಾರೆ, ಹಾಗಾಗಿ ಹಳೆಯದನ್ನು ಅಳಿಸಿ ಹೊಸದನ್ನು ಹೇರುವುದು ಬೇಡವೆಂದು ತೀರ್ಮಾನಿಸಿ, ಪ್ರತಿ ಬದಲಾವಣೆಯ ಪಕ್ಕ ಅದಕ್ಕೆ ಆಧಾರವಾದ ದಾಖಲೆಯ ಪುಟದ ಚಿತ್ರವನ್ನೂ ಓದಿನ ಪಠ್ಯವನ್ನೂ ಇಡಲಾಯಿತು. ಇದು ನಿಧಾನದ ಕ್ರಮ. ಆದರೆ ಮುಂದೆ ಬರುವ ಯಾರಾದರೂ ನಮ್ಮ ಓದನ್ನೂ ಪರೀಕ್ಷಿಸಬಹುದು.

ಈ ಪ್ರಕರಣದಿಂದ ಬೇರೆಯವರು ತೆಗೆದುಕೊಳ್ಳಬಹುದಾದದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೆಲಸದ ಅನುಕ್ರಮ. ಹೆಸರಿಡುವ ಯಾವ ಸೂತ್ರವನ್ನಾಗಲಿ ಆ ಧರ್ಮಕೇಂದ್ರದ ಪುಸ್ತಕದಲ್ಲಿ ಪರೀಕ್ಷಿಸಿದ ಮೇಲೆ ಬಳಸಬೇಕೇ ಹೊರತು, ಸೂತ್ರ ಹಿಡಿದು ಪುಸ್ತಕಕ್ಕೆ ಹೋಗಬಾರದು. ಧರ್ಮಪೋಷಕರ ಮತ್ತು ಸಾಕ್ಷಿಗಳ ಹೆಸರು ಸೂಚಿಗೆ ಏರದಿರುವುದರಿಂದ, ಅವುಗಳಿಗಾಗಿಯೇ ಮೂಲ ಪುಟವನ್ನು ಪೂರ್ತಿ ಓದಲೇಬೇಕು. ಸಾವಿನ ನಮೂದು ಸಿಗದಿದ್ದರೆ ಆ ಪಾದ್ರಿ ಸಾವುಗಳನ್ನು ಹೇಗೆ ಬರೆಯುತ್ತಿದ್ದ ಎಂದು ತಿಳಿದ ನಂತರ ಅದಕ್ಕೆ ಅರ್ಥ ಕಟ್ಟಬೇಕು. ಮಂಗಳೂರು, ಉಡುಪಿ ಕಡೆಯ ಕಥೋಲಿಕ ಮನೆತನಗಳ ಹಿನ್ನೆಲೆ ಹುಡುಕುವವರಿಗೂ ಇದು ದೂರದ ಮಾತಲ್ಲ. ಅಲ್ಲಿನ ದೀಕ್ಷಾಸ್ನಾನದ ಪುಸ್ತಕಗಳೂ ಟ್ರೆಂಟ್ ಮಹಾಸಭೆಯ ಕಟ್ಟಳೆಯಿಂದಲೇ ಬಂದವು, ಧರ್ಮಪಿತ ಧರ್ಮಮಾತೆಯರ ಹೆಸರು ಅವುಗಳಲ್ಲೂ ಇರುತ್ತದೆ.

ಕತಾರೀನಾಳ ತವರಿನ ಕೆಲಸ ಈಗ ಪಕ್ಕದ ಧರ್ಮಕೇಂದ್ರದ ಪುಸ್ತಕಗಳಲ್ಲಿ ನಡೆಯುತ್ತಿದೆ. ಆಕೆಯ ತಂದೆತಾಯಿಗೆ ಅನ್ನಾ ಮಾರಿಯಾ ಎಂಬ ಹೆಸರಿನ ಇಬ್ಬರು ಹೆಣ್ಣುಮಕ್ಕಳ ದೀಕ್ಷಾಸ್ನಾನ ಸಿಕ್ಕಿದೆ, ಇಬ್ಬರ ಧರ್ಮಮಾತೆಯರೂ ಬೇರೆ ಬೇರೆ. ಯಾರನ್ನೂ ಸತ್ತವರೆಂದು ಇನ್ನೂ ಬರೆದಿಲ್ಲ.